ಕಾಸಿಂಸಾಬರ ಕಂಪ್ಯೂಟರಿಗೆ ಹೊಸ ಪೋಷಾಕು

ಇಂಡಿ
೧೧ ನವೆಂಬರ್ ೨೦೨೪

ಪ್ರೀತಿಯ ರಾಜಿ,

ದೀಪಾವಳಿಗೆ ನೀನು ಕಳಿಸಿದ ಶೇಂಗಾ ಹೋಳಿಗೆ ಮುಟ್ಟಿದವು. ಅರ್ಧ ಪುಡಿಯಾಗಿದ್ದವು, ಆದರೂ ಡಬ್ಬಿ ಖಾಲಿಯಾಗಲು ತಡವಾಗಲಿಲ್ಲ. ಫೋನು ಬಿಟ್ಟು ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನನ್ನ ಗಂಟಲು ನಿನಗೆ ಗೊತ್ತು. ಸಿಂದಗಿಯ ಟೈಪಿಂಗ್ ಕ್ಲಾಸಿನಲ್ಲಿ ನಾನು ಪಿಸುಗುಟ್ಟಿದರೆ ಹೊರಗಿನ ಪಾನ್ ಅಂಗಡಿಯವನು ಉತ್ತರ ಕೊಡುತ್ತಿದ್ದ. ಈಗ ಹೇಳುವ ಮಾತು ನಮ್ಮ ಮನೆಯ ಇಬ್ಬರ ಕಿವಿಗೆ ಬೀಳಬಾರದು.

ಒಬ್ಬರು ನಮ್ಮ ಮನೆಯವರು. ಇವರ ಪ್ರೆಸ್ಸಿನ ಕಂಪ್ಯೂಟರನ್ನು ನೀನು ನೋಡಿದ್ದೀ. ಮಗ ಜಾಹಿದ ಶಾಲೆಗೆ ಹೋಗುವಾಗ ತಂದದ್ದು. ಇವರು ಲಗ್ನಪತ್ರಿಕೆಯ ಅಂಚಿಗೆಂದು ಬರೆದ ದ್ರಾಕ್ಷಿ ಬಳ್ಳಿ, ನವಿಲು, ಜಾಳಿಗೆಯಂಥ ಜಾಲಿ ಕೆಲಸ, ಎಲ್ಲ ಅದರಲ್ಲೇ ಇವೆ. ಅವನ್ನು ತೆರೆಯುವ ಹಳೆಯ ಕನ್ನಡ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲವಂತೆ. ಚಡಚಣದಿಂದಲೂ ಜನ ಬಂದು ‘ಕಾಸಿಂಸಾಬರ ಬಳ್ಳಿ ಹಾಕ್ರಿ’ ಎನ್ನುತ್ತಾರೆ. ಆದರೆ ಹೋದ ವರ್ಷದಿಂದ ಇವರ ಬಲಗೈ ನಡುಗುತ್ತದೆ. ಮೌಸು ಹಿಡಿದರೆ ಪರದೆಯ ಮೇಲಿನ ಬಾಣ ಅಂಜಿದ ಕೋಳಿಯಂತೆ ಓಡುತ್ತದೆ. ಇರುವ ಚಿತ್ರಗಳನ್ನೇ ಹೇಗೋ ಜೋಡಿಸುತ್ತಾರೆ. ಹೊಸದೊಂದು ಗೆರೆ ಬರೆದಿಲ್ಲ.

ಇನ್ನೊಬ್ಬಳು ಸೊಸೆ ಮುಬಿನ. ಬೇಸಿಗೆಯಲ್ಲಿ ಮದುವೆಯಾಗಿ ಬಂದವಳು. ಸಿಂದಗಿಯಲ್ಲಿ ಕಂಪ್ಯೂಟರ್ ಕಲಿತಿದ್ದಾಳೆ. ಜಾಹಿದ ಹಿಂದೆ ಅಚ್ಚಿನ ಮಶೀನು ನಡೆಸುತ್ತಾನೆ. ಮುಂದೆ ಈಕೆ ಕುಳಿತರೆ ಅಂಗಡಿ ಉಳಿದೀತು ಎಂದುಕೊಂಡಿದ್ದೆ. ಒಂದು ದಿನ ಕುಳಿತಳು. ಸ್ವಲ್ಪ ಹೊತ್ತಿಗೆ ಎದ್ದು ‘ನನಗ ಇದು ಬರೂದಿಲ್ರಿ’ ಎಂದವಳೇ ಒಳಗೆ ಹೋದಳು. ಅಂದಿನಿಂದ ಆ ಕುರ್ಚಿಯ ಹತ್ತಿರ ಸುಳಿದಿಲ್ಲ. ಹೊಸದರ ಮೇಲೆ ಕಲಿತವಳಿಗೆ ನಮ್ಮ ಹಳೆಯದು ಕಣ್ಣಿಗೆ ಬರಲಿಲ್ಲ. ಸೊಕ್ಕು, ಬೇರೇನಲ್ಲ.

ಮೊನ್ನೆ ಊಟ ಮಾಡುತ್ತಾ ಇವರು, ‘ಈ ಸಲದ ಲಗ್ನಸರಾಯಿ ಮುಗೀಲಿ, ಅಂಗಡಿ ಮುಚ್ಚಿಬಿಡೋಣು’ ಎಂದರು. ಎಷ್ಟು ಮೆಲ್ಲಗೆ ಅಂದರೆಂದರೆ, ಮುರಿದ ರೊಟ್ಟಿಯನ್ನು ನಾನು ಮತ್ತೆ ತಾಟಿಗೇ ಹಾಕಿದೆ.

ಕಂಪ್ಯೂಟರ್ ಕಲಿಸುವ ಟೀಚರ್ ನೀನು, ನಿನಗೆ ಕೇಳುವುದು ಇಷ್ಟೇ. ಹಳೆಯ ಕಂಪ್ಯೂಟರನ್ನು ಹೊಸದರಂತೆ ಕಾಣುವಂತೆ, ಹೊಸದರಂತೆ ನಡೆಯುವಂತೆ ಮಾಡಲು ಬರುತ್ತದೆಯೇ? ಒಳಗಿನದೆಲ್ಲ ಹಾಗೇ ಇರಬೇಕು. ಸೊಸೆಯ ಸೊಕ್ಕು ಮುರಿಯಬೇಕು.

ನಿನ್ನ
ಶಮಶಾದ

•

ಮುದ್ದೇಬಿಹಾಳ
೧೬ ನವೆಂಬರ್ ೨೦೨೪

ಪ್ರಿಯ ಶಮಶಾದ,

ಬರುತ್ತದೆ. ನಿನ್ನ ಪತ್ರ ಓದಿ ಮುಗಿಸುವ ಮೊದಲೇ ಎದ್ದು ಹೋಗಿ ನನ್ನ ಕ್ಲಾಸಿನ ಒಂದು ಹಳೆಯ ಕಂಪ್ಯೂಟರ್ ಚಾಲೂ ಮಾಡಿದೆ. ಅದೂ ನಿಮ್ಮದರಂತೆ ಹಳೆಯ ವಿಂಡೋಸ್ ಎಕ್ಸ್‌ಪಿಯದೇ: ಕೆಳಗೆ ನೀಲಿ ಪಟ್ಟಿ, ಮೂಲೆಯಲ್ಲಿ ಹಸಿರು ಗುಂಡಿ, ಹಿಂದೆ ಗುಡ್ಡ ಮತ್ತು ಮೋಡ.

ಒಳಗಿನದನ್ನು ಮುಟ್ಟದೆ ಹೊರಗಿನ ವೇಷ ಬದಲಿಸಬಹುದು. ನೀಲಿ ಪಟ್ಟಿ ತೆಳ್ಳಗಾಗಿ ತಿಳಿ ಬೂದುಬಣ್ಣಕ್ಕೆ ಬರುತ್ತದೆ. ಚಿತ್ರದ ಗುಂಡಿಗಳು ಹೊಸ ಕಂಪ್ಯೂಟರಿನಂತೆ ನಡುವೆ ಸಾಲಾಗಿ ಕೂರುತ್ತವೆ. ಎಲ್ಲಕ್ಕಿಂತ ಮುಖ್ಯ, ಹುಡುಕುವ ಜಾಗವೊಂದನ್ನು ಸೇರಿಸುತ್ತೇನೆ. ಈಗಿನ ಹುಡುಗಿಯರು ಕಡತವನ್ನು ಕೋಣೆ ಕೋಣೆ ಹೊಕ್ಕು ಹುಡುಕುವುದಿಲ್ಲ. ಹೆಸರಿನ ಎರಡಕ್ಷರ ಬರೆದರೆ ಅದು ಎದುರು ಬಂದು ನಿಲ್ಲಬೇಕು. ‘ನವಿಲು’ ಎಂದು ಬರೆದರೆ ಕಾಸಿಂಭಾಯಿಯವರ ನವಿಲುಗಳೆಲ್ಲ ಬರುವಂತೆ ಮಾಡುತ್ತೇನೆ.

ನಿಮ್ಮ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಹಾಗಾಗಿ ಬೇಕಾದ್ದನ್ನೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತೇನೆ. ಮಾಡುವ ಬಗೆಯನ್ನೂ ಬರೆದೇ ಕಳಿಸುತ್ತೇನೆ. ಫೋನಿನಲ್ಲಿ ಹೇಳಿದರೆ ನಾವಿಬ್ಬರೂ ಎರಡನೆಯ ಮಾತಿಗೇ ಟೈಪಿಂಗ್ ಮಾಸ್ತರರ ಮೀಸೆಯ ಕಡೆಗೆ ಹೋಗಿಬಿಡುತ್ತೇವೆ.

ಇದರ ಜೊತೆ ಒಂದು ಖಾಲಿ ಪೆನ್‌ಡ್ರೈವ್ ಇದೆ. ಮೊದಲು ಅವರು ಬರೆದ ಚಿತ್ರಗಳೆಲ್ಲವನ್ನೂ ಇದಕ್ಕೆ ನಕಲು ಮಾಡಿ ಅಕ್ಕಿ ಡಬ್ಬಿಯಲ್ಲೋ ಎಲ್ಲೋ ಭದ್ರವಾಗಿ ಇಡು. ಆ ಮೇಲೆ ಉಳಿದದ್ದು. ಈ ಮಾತಿನಲ್ಲಿ ಅವಸರ ಮಾಡಿದರೆ ನಾನು ನಿನ್ನ ಗೆಳತಿಯೇ ಅಲ್ಲ.

ಪ್ರಯೋಗ ಮಾಡುವಾಗ ನನ್ನ ಹುಡುಗಿಯರು ಸುತ್ತ ನಿಂತು ನೋಡಿದರು. ಒಬ್ಬಳು ‘ಟೀಚರ್, ಇದು ಹೊಸಾದೇನ್ರಿ?’ ಎಂದು ಕೇಳಿದಳು. ಈ ಸಲ ಬ್ಯಾಚು ತುಂಬಿದೆ, ಪುರುಸೊತ್ತೇ ಇಲ್ಲ. ಆದರೂ ನಿನ್ನ ಕೆಲಸ ಮೊದಲು.

ನಿನ್ನ
ರಾಜೇಶ್ವರಿ

•

ಇಂಡಿ
೨೨ ನವೆಂಬರ್ ೨೦೨೪

ರಾಜಿ,

ನಕಲು ಆಯಿತು. ಇವರು ಚಹಾ ಕುಡಿಯಲು ಹೋದಾಗಲೆಲ್ಲ ಸ್ವಲ್ಪ ಸ್ವಲ್ಪ ಮಾಡಿದೆ. ನನ್ನ ಮನೆಯ ಅಂಗಡಿಯಲ್ಲಿ ನಾನೇ ಕಳ್ಳಿಯಾದೆ. ಪೆನ್‌ಡ್ರೈವ್ ಅಕ್ಕಿ ಡಬ್ಬಿಯಲ್ಲಿಲ್ಲ, ಅಲ್ಲಿಗೆ ಸೊಸೆಯ ಕೈ ಹೋಗುತ್ತದೆ. ನನ್ನ ಟ್ರಂಕಿನಲ್ಲಿ ಲಗ್ನದ ಸೀರೆಯ ಮಡಿಕೆಯಲ್ಲಿದೆ.

ಇನ್ನೊಂದು ಸುದ್ದಿ. ಇವರ ತಂಗಿ ಅಬಿದಾ ಚಡಚಣದಲ್ಲಿದ್ದಾಳಲ್ಲ, ಅವಳು ಬಂದು ಅಣ್ಣನನ್ನು ಕರೆದುಕೊಂಡು ಹೋಗಿದ್ದಾಳೆ. ಸೊಲ್ಲಾಪುರದ ಡಾಕ್ಟರಿಗೆ ಕೈ ತೋರಿಸಿ, ಆಮೇಲೆ ಅವಳ ಮೈದುನನ ಮದುವೆ ಮುಗಿಸಿ, ಡಿಸೆಂಬರ್ ಮೊದಲ ವಾರ ದಾಟಿದ ಮೇಲೆ ಬರುತ್ತಾರಂತೆ. ಹೊರಡುವಾಗ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ, ‘ಯಾರೂ ಮುಟ್ಟಬ್ಯಾಡ್ರಿ’ ಎಂದು ಹೇಳಿ ಹೋದರು. ನಾನು ಹೂಂ ಎಂದೆ. ಎಷ್ಟು ಗಟ್ಟಿಯಾಗಿ ಎಂದರೆ ಅವರಿಗೇ ಸಂಶಯ ಬಂದಿರಬೇಕು.

ಈಗ ನೀನು ಕಳಿಸುವುದನ್ನು ಬೇಗ ಕಳಿಸು.

ಸೊಸೆಯ ಮಾತು ಕೇಳು. ನಾನು ಪೆನ್‌ಡ್ರೈವ್ ಹಚ್ಚಿ ಕುಳಿತಾಗ ಬಾಗಿಲಲ್ಲಿ ಬಂದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ನಾನು ‘ಏನವ್ವಾ?’ ಎಂದೆ. ‘ಏನಿಲ್ರಿ’ ಎಂದು ಹೋದಳು. ಇಷ್ಟು ವಯಸ್ಸಾದವಳು ಗುಂಡಿ ಹುಡುಕುತ್ತಾ ಕೂತಿದ್ದಾಳೆಂದು ಒಳಗೊಳಗೇ ನಕ್ಕಿರಬೇಕು. ನಗಲಿ. ಆ ಕಾಲದಲ್ಲಿ ಕನ್ನಡ ಟೈಪಿಂಗಿನಲ್ಲಿ ನಿನ್ನನ್ನು ಹಿಂದೆ ಹಾಕಿದವಳು ನಾನು.

ನಿನಗೂ ನಿನ್ನ ಹುಡುಗಿಯರಿಗೂ ನಮ್ಮ ಲಿಂಬೆಕಾಯಿಯ ಉಪ್ಪಿನಕಾಯಿ ಕಳಿಸಿದ್ದೇನೆ. ದೊಡ್ಡ ಬರಣಿ. ಎಲ್ಲರಿಗೂ ಹಂಚು, ನೀನೊಬ್ಬಳೇ ಕುಳಿತು ನೆಕ್ಕಬೇಡ.

ಶಮಶಾದ

•

ಮುದ್ದೇಬಿಹಾಳ
೨೭ ನವೆಂಬರ್ ೨೦೨೪

ಪ್ರಿಯ ಶಮಶಾದ,

ಉಪ್ಪಿನಕಾಯಿ ಬಂತು. ಹಂಚಿದೆ. ಎಲ್ಲರೂ ಹೊಗಳಿದರು.

ಪೆನ್‌ಡ್ರೈವ್ ಈ ಲಕೋಟೆಯಲ್ಲೇ ಅರಳೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಬೇರೆ ಹಾಳೆಯಲ್ಲಿ ಮಾಡುವ ಬಗೆ ಇದೆ. ಒಂದು ಮುಗಿದು, ಕಂಪ್ಯೂಟರ್ ಮುಚ್ಚಿ ತೆರೆದು, ಸರಿ ಇದೆ ಎಂದು ಖಾತ್ರಿಯಾದ ಮೇಲೆ ಇನ್ನೊಂದು. ಎಲ್ಲೇ ತಪ್ಪಿದರೂ ಹಳೆಯ ರೂಪಕ್ಕೆ ಮರಳುವ ದಾರಿ ಕೊನೆಯಲ್ಲಿ ಬರೆದಿದ್ದೇನೆ. ಹೆದರಬೇಡ.

ಈ ಕೆಲಸ ನನಗೆ ಬಹಳ ಹಿಡಿಸಿದೆ, ಶಮಶಾದ. ನಿನ್ನೆ ಗುಂಡಿಗಳ ಚಿತ್ರ ಬದಲಿಸುತ್ತಾ ಕುಳಿತವಳಿಗೆ ಮಧ್ಯಾಹ್ನದ ಊಟ ಮರೆತೇ ಹೋಗಿತ್ತು. ಹಳೆಯ ಪೆಟ್ಟಿಗೆಯೊಳಗೆ ಇಷ್ಟೆಲ್ಲ ಜಾಗ ಇತ್ತೇ ಅನಿಸುತ್ತದೆ. ಕಿಟಕಿಯನ್ನು ಎಳೆದು ಪರದೆಯ ಅಂಚಿಗೆ ತಾಗಿಸಿದರೆ ಅರ್ಧಕ್ಕೆ ಸರಿಯಾಗಿ ನಿಲ್ಲುವಂತೆಯೂ ಮಾಡಿದ್ದೇನೆ. ಒಂದು ಕಡೆ ಗಿರಾಕಿ ಬರೆದುಕೊಟ್ಟದ್ದು, ಇನ್ನೊಂದು ಕಡೆ ಪತ್ರಿಕೆ. ಹೊಸದರಲ್ಲಿ ಹೀಗೆಯೇ.

ಇನ್ನು ಮುಬಿನಾಳ ಮಾತು. ಅವಳಿಗೆ ಸೊಕ್ಕು ಎಂದು ನೀನು ಹೇಗೆ ತೀರ್ಮಾನಿಸಿದೆ? ಕೇಳಿದೆಯಾ? ಕ್ಲಾಸಿನಲ್ಲಿ ಇಷ್ಟು ವರ್ಷ ನೋಡಿದ್ದೇನೆ. ‘ಬರುವುದಿಲ್ಲ’ ಎನ್ನುವವರೆಲ್ಲ ಬೇಡ ಎನ್ನುವವರಲ್ಲ. ಮನುಷ್ಯರು ಬಾಯಿಬಿಟ್ಟು ಹೇಳದೆ ಇರುವುದಕ್ಕೆ ಎಷ್ಟೋ ಕಾರಣಗಳಿರುತ್ತವೆ. ಒಮ್ಮೆ ಹತ್ತಿರ ಕೂರಿಸಿಕೊಂಡು ಕೇಳು.

ಸಾಕು, ಹುಡುಗಿಯರು ಕಾಯುತ್ತಿದ್ದಾರೆ.

ರಾಜೇಶ್ವರಿ

•

ಇಂಡಿ
೩ ಡಿಸೆಂಬರ್ ೨೦೨೪

ರಾಜಿ, ನನ್ನ ರಾಜಿ,

ಎಲ್ಲಿಂದ ಶುರು ಮಾಡಲಿ? ನಿನ್ನೆ ಅತ್ತೆ, ನಕ್ಕೆ, ನನ್ನನ್ನೇ ಬೈದುಕೊಂಡೆ. ಎಲ್ಲ ಒಂದೇ ಹೊತ್ತಿನಲ್ಲಿ.

ನಿನ್ನ ಹಾಳೆ ಎದುರಿಗಿಟ್ಟುಕೊಂಡು ಮುಂಜಾನೆಯೇ ಕುಳಿತೆ. ಮೊದಲನೆಯದಾಯಿತು, ಎರಡನೆಯದಾಯಿತು. ಮೂರನೆಯದಕ್ಕೆ ಕಂಪ್ಯೂಟರ್ ಮುಚ್ಚಿ ತೆರೆದೆ ನೋಡು, ಗುಡ್ಡ ಹೋಗಿ ನಸುಕಿನ ಬಣ್ಣ, ತೆಳ್ಳನೆಯ ಪಟ್ಟಿ, ನಡುವೆ ಮುತ್ತು ಪೋಣಿಸಿದಂತೆ ಗುಂಡಿಗಳು. ನಾನೇ ಚಪ್ಪಾಳೆ ಹೊಡೆದುಬಿಟ್ಟೆ. ಹುಡುಕುವ ಜಾಗದಲ್ಲಿ ‘ನವಿಲು’ ಎಂದು ಬರೆದೆ. ನವಿಲುಗಳು ಬಂದು ಸಾಲಾಗಿ ನಿಂತವು!

ಅಷ್ಟರಲ್ಲಿ ಹೊರ್ತಿಯ ಬೀರಣ್ಣ ಬಂದರು. ಮಗಳ ಲಗ್ನ. ಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿದೆ, ಸೇರಿಸಿ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ‘ಮಾವನ ಹೆಸರ ಇಲ್ಲಂದ್ರ ಮಾವ ಬರೂದಿಲ್ರಿ, ಮಾವ ಬರ್ಲಿಲ್ಲಂದ್ರ ನಮ್ಮಾಕಿ ನನ್ನ ಮನ್ಯಾಗ ಇಡೂದಿಲ್ಲ’ ಎಂದರು. ಅದಕ್ಕೇನು ಎಂದು ಗತ್ತಿನಿಂದ ಹಳೆಯ ತಂತ್ರಾಂಶ ತೆರೆದೆ. ಮೇಲಿನ ಪಟ್ಟಿಯಲ್ಲಿ ಒಂದಕ್ಷರವೂ ಇಲ್ಲ. ಬಿಳಿಯ ಮೇಲೆ ಬಿಳಿ. ಉಪಕರಣಗಳ ಜಾಗದಲ್ಲಿ ಕಪ್ಪು ಚೌಕಗಳು. ಎಲ್ಲಿ ಒತ್ತಬೇಕು ಎಂಬುದೇ ಕಾಣದು. ಇಷ್ಟು ವರ್ಷದ ಕೆಲಸಕ್ಕೆ ನಾನು ಮಣ್ಣು ಹಾಕಿದೆ ಎಂದುಕೊಂಡೆ. ನಿನ್ನ ಹಾಳೆ ಕೈಯಲ್ಲೇ ಇದೆ, ಓದಲು ಕಣ್ಣಲ್ಲಿ ನೀರು ಬಿಡದು.

ಹಿಂದಿನಿಂದ ಸೊಸೆಯ ದನಿ: ‘ಅತ್ತೀ, ಸ್ವಲ್ಪ ಸರೀರಿ.’

ಸರಿದೆ. ಮುಬಿನ ಕುಳಿತಳು. ಸ್ವಲ್ಪ ಹೊತ್ತು ಪರದೆಯನ್ನು ದಿಟ್ಟಿಸಿದಳು. ತಂತ್ರಾಂಶ ಮುಚ್ಚಿದಳು, ಅದರ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿದಳು, ಒಳಗೆಲ್ಲೋ ಹೋಗಿ ಒಂದು ಚೌಕಕ್ಕೆ ಸರಿ ಗುರುತು ಹಾಕಿದಳು, ಮತ್ತೆ ತೆರೆದಳು. ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ!

‘ಏನ ಮಾಡಿದಿ?’ ಎಂದೆ.

‘ಎಲ್ಲಾಕ್ಕೂ ಹೊಸ ಅಂಗಿ-ಅರಬಿ ತೊಡಿಸೀರಿ. ಇದಕ್ಕ ಒಗ್ಗಲಿಲ್ರಿ. ಇದೊಂದಕ್ಕ ಹಳೇ ಅರಬೀನ ಇರ್ಲಿ ಅಂತ ಹೇಳೇನಿ.’

ಸೋದರಮಾವ ಪತ್ರಿಕೆ ಸೇರಿದರು. ಬೀರಣ್ಣನನ್ನು ಕಳಿಸಿ ನಾನು ಮುಬಿನಾಳ ಕೈ ಹಿಡಿದೆ. ‘ಇಷ್ಟ ಬರ್ತೈತಿ ಅಂದ್ರ ಅವತ್ತ ಯಾಕ ಎದ್ದಿ? ನಮ್ಮದು ಹಳೇದು ಅಂತ ನಾಚಿಕಿ ಬಂತೇನು?’

ಆಕೆ ತಲೆ ಎತ್ತಲಿಲ್ಲ. ‘ಹಂಗಲ್ರಿ. ಅವತ್ತ ಏನೋ ಒತ್ತಿದೆ, ಮಾವಾರು ಬರೆದ ಬಳ್ಳಿ ಕಾಣದಂಗಾತು. ಒಂದ ಗಳಿಗಿ ಅಷ್ಟ, ಮತ್ತ ಬಂತು. ಆದ್ರ ಅವರ ಮುಖಾ ನೋಡಿದೆ. ಅವರು ಏನೂ ಅನ್ಲಿಲ್ರಿ, ಕೈಯಷ್ಟ ನಡಗಾಕತ್ತಿತ್ತು. ನಾ ಕಲತದ್ದು ಬ್ಯಾರೆ ಥರಾ. ಇದರಾಗ ಯಾವ್ದು ಎಲ್ಲೈತಿ ತಿಳೀವಲ್ದು. ನನ್ನ ಒಂದ ಬೆರಳಿಲೆ ಅವರ ಜನ್ಮದ ಕೆಲಸಾ ಅಳಿಸಿ ಹೋದ್ರ ನಾ ಈ ಮನ್ಯಾಗ ಹ್ಯಾಂಗ ಇರ್ಲಿ?’

ನಕಲು ಮಾಡುವ ದಿನ ಬಾಗಿಲಲ್ಲಿ ನಿಂತವಳು, ‘ನಾ ಮಾಡಿಕೊಡ್ಲೇನ್ರಿ’ ಎಂದು ಕೇಳಲು ಬಂದಿದ್ದಳಂತೆ. ನಾನು ‘ಏನವ್ವಾ’ ಎಂದ ದನಿ ಕೇಳಿ ಹೆದರಿ ಹೋದಳಂತೆ! ನೀನು ಕೇಳು ಎಂದು ಬರೆದಿದ್ದೆ. ನಾನು ಇಷ್ಟು ತಿಂಗಳು ಕೇಳಿರಲಿಲ್ಲ.

ಟ್ರಂಕು ತೆರೆದು ನಕಲಿನ ಪೆನ್‌ಡ್ರೈವ್ ತೋರಿಸಿದೆ. ‘ಇಕಾ, ನಿನ್ನ ಮಾವನ ಜನ್ಮದ ಕೆಲಸ ನನ್ನ ಲಗ್ನದ ಸೀರ್‍ಯಾಗ ಐತಿ. ಇನ್ನ ನೀ ಏನ ಬೇಕಾದ್ದ ಒತ್ತು’ ಎಂದೆ. ಆಕೆ ನಕ್ಕ ನಗೆಯನ್ನು ನೀನು ಕೇಳಬೇಕಿತ್ತು. ಈ ಮನೆಗೆ ಬಂದ ಮೇಲೆ ಮೊದಲ ಸಲ ಹಲ್ಲು ಕಾಣುವಂತೆ ನಕ್ಕಳು.

ಈಗ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಅಡುಗೆ ನಾನೇ ಮಾಡುತ್ತಿದ್ದೇನೆ.

ಇನ್ನು ಇವರು ಬಂದು ನೋಡಿದರೆ ಏನೆನ್ನುತ್ತಾರೋ ಎಂಬುದೊಂದೇ ಚಿಂತೆ. ಸೊಲ್ಲಾಪುರದ ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ನಡುಕ ಕಡಿಮೆಯಾದೀತು, ಪೂರಾ ಹೋಗಲಿಕ್ಕಿಲ್ಲ ಎಂದಿದ್ದಾರಂತೆ.

ನಿನ್ನ
ಶಮಶಾದ

•

ಮುದ್ದೇಬಿಹಾಳ
೬ ಡಿಸೆಂಬರ್ ೨೦೨೪

ಶಮಶಾದ,

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ನಮ್ಮ ಮನೆಯವರು ಕೇಳಿ, ‘ಆ ಹುಡಿಗಿ ಭಾಳ ಶಾಣ್ಯಾ ಅದಾಳ’ ಎಂದರು. ಬಿಳಿಯ ಮೇಲೆ ಬಿಳಿ ಆದೀತೆಂದು ನನಗೆ ಹೊಳೆದಿರಲಿಲ್ಲ. ನಿಮ್ಮ ತಂತ್ರಾಂಶ ನನ್ನ ಬಳಿ ಇಲ್ಲವಲ್ಲ. ಮುಬಿನಾಳಿಗೆ ನನ್ನ ಶಾಭಾಸ್ ಹೇಳು.

ಈಗ ಕಾಸಿಂಭಾಯಿಯವರ ಕೈಯ ಮಾತು. ಅವರು ಬರುವ ಮೊದಲು ಇದೊಂದನ್ನು ಮಾಡಿಬಿಡಿ. ಇದಕ್ಕೆ ಪೆನ್‌ಡ್ರೈವೂ ಬೇಡ. ಮೌಸಿನ ಸೆಟ್ಟಿಂಗಿನಲ್ಲಿ ಒಂದು ಗುಣವಿದೆ. ಗೆರೆ ಎಳೆಯುವಾಗ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕೈ ಸರಿಸಬೇಕಲ್ಲ? ನಡುಗುವ ಕೈಗೆ ಕಷ್ಟ ಅಲ್ಲೇ. ಬೆರಳು ಜಾರುತ್ತದೆ, ಗೆರೆ ತುಂಡಾಗುತ್ತದೆ. ಆ ಗುಣವನ್ನು ಚಾಲೂ ಮಾಡಿದರೆ ಒಮ್ಮೆ ಒತ್ತಿ, ಕ್ಷಣ ತಡೆದು ಬಿಟ್ಟರೆ ಸಾಕು, ಹಿಡಿದಂತೆಯೇ ಇರುತ್ತದೆ. ಮತ್ತೆ ಒತ್ತಿದರೆ ಬಿಡುತ್ತದೆ. ಅದರ ಜೊತೆ ಬಾಣದ ಓಟವನ್ನು ನಿಧಾನ ಮಾಡಿ. ಕೈ ಇಷ್ಟು ನಡುಗಿದರೆ ಬಾಣ ಕೂದಲೆಳೆಯಷ್ಟು ಅಲುಗಬೇಕು. ಬಾಣವನ್ನು ದೊಡ್ಡದೂ ಮಾಡಿ.

ಇದು ಮೊದಲಿನಿಂದಲೂ ಆ ಹಳೆಯ ಕಂಪ್ಯೂಟರಿನಲ್ಲೇ ಇತ್ತು. ಯಾರೂ ಅತ್ತ ಹೋಗಿರಲಿಲ್ಲ, ಅಷ್ಟೇ. ನನ್ನ ಪಳಗದ ಎಡಗೈಯಲ್ಲಿ ಮೌಸು ಹಿಡಿದುಕೊಂಡು, ಬಲಗೈಯನ್ನು ಹಿಂದೆ ಕಟ್ಟಿಕೊಂಡು, ಗೆರೆ ಎಳೆದು ನೋಡಿದೆ. ಬರುತ್ತದೆ, ಶಮಶಾದ. ಬರುತ್ತದೆ.

ರಾಜಿ

•

ಇಂಡಿ
೧೪ ಡಿಸೆಂಬರ್ ೨೦೨೪

ರಾಜಿ,

ನಿನ್ನೆ ಶುಕ್ರವಾರ. ಇವರು ಚಡಚಣದ ಬಸ್ಸಿಳಿದು, ನಮಾಜು ಮುಗಿಸಿ, ನೇರ ಅಂಗಡಿಗೆ ಬಂದರು. ನಾವು ಅತ್ತೆ ಸೊಸೆ ಕಟಕಟೆಯಲ್ಲಿ ನಿಂತವರಂತೆ ನಿಂತಿದ್ದೆವು. ಜಾಹಿದ ಮಶೀನಿನ ಹಿಂದೆ ಅವಿತಿದ್ದ.

ಬಾಗಿಲಲ್ಲೇ ನಿಂತು ಪರದೆ ನೋಡಿದರು. ಒಳಗೆ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತುಬಿಟ್ಟರು. ‘ಮಾರಿಬಿಟ್ರ್ಯಾ?’ ಎಂದರು. ‘ನಾ ಬರೂತನಾ ಆದ್ರೂ ಕಾಯಬೇಕಿತ್ತು.’

ನನ್ನ ಈ ದೊಡ್ಡ ಗಂಟಲಿಗಿಂತ ಮೊದಲೇ ಮಾತಾಡಿದವಳು ಮುಬಿನ. ‘ಮಾವಾರ, ಮಾರಿಲ್ರಿ. ಒಳಗ ಬಂದು ಟೇಬಲ್ಲಿನ ಕೆಳಗ ನೋಡ್ರಿ, ಹಳೇ ಡಬ್ಬೀನ ಐತಿ.’

ಬಂದರು. ಬಗ್ಗಿ ನೋಡಿದರು. ಕೈಯಿಂದ ಸವರಿದರು. ಹಳೆಯ ಗುರುತಿನವರ ಬೆನ್ನು ಸವರಿದ ಹಾಗೆ. ಮುಬಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ, ‘ಏನರೆ ಹೆಸರ ಬರೀರಿ’ ಎಂದಳು. ‘ದ್ರಾಕ್ಷಿ’ ಎಂದು ಬರೆದರು. ಬಳ್ಳಿಗಳು ಬಂದವು. ‘ಜಾಲಿ’ ಎಂದರು. ಅವೂ ಬಂದವು. ತಾವೇ ಮರೆತಿದ್ದ ಒಂದು ಗಿಳಿಯ ಜೋಡಿ ಬಂತು. ‘ಇದು ಯಾವಾಗ ಬರದಿದ್ದೆ?’ ಎಂದು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಆಮೇಲೆ ಮುಬಿನ ಖಾಲಿ ಹಾಳೆ ತೆರೆದಳು. ಇವರು ಕೈ ಹಿಂದೆ ತೆಗೆದುಕೊಂಡರು. ‘ಬ್ಯಾಡವ್ವಾ. ಈ ಕೈಯಿಂದ ಆಗೂದಿಲ್ಲ.’

‘ಒಮ್ಮಿ ಒತ್ತಿ, ಸ್ವಲ್ಪ ತಡದು ಬಿಡ್ರಿ. ಹಿಡ್ಕೋಬ್ಯಾಡ್ರಿ. ಅದ ಹಿಡ್ಕೋತೈತಿ.’

ಒತ್ತಿದರು. ಬಿಟ್ಟರು. ಮೌಸು ಸರಿಸಿದರು. ಕೈ ನಡುಗುತ್ತಲೇ ಇತ್ತು, ರಾಜಿ, ನಾನು ಕೈಯನ್ನೇ ನೋಡುತ್ತಿದ್ದೆ. ಪರದೆ ನೋಡಿದರೆ ಗೆರೆ ಮೆಲ್ಲಗೆ, ತುಸುವೇ ಡೊಂಕಾಗಿ, ತುಂಡಾಗದೆ ಹೋಗುತ್ತಿತ್ತು. ‘ಡೊಂಕಾತು’ ಎಂದರು. ಮುಬಿನ, ‘ಟೊಂಗಿ ಸೀದಾ ಬೆಳೀತಾವೇನ್ರಿ ಮಾವಾರ?’ ಎಂದಳು. ಅದನ್ನು ಕೇಳಿ ಇವರು ಒಂದು ಎಲೆ ಬರೆದರು. ಇನ್ನೊಂದು ಬರೆದರು. ನಡುವೆ ಒಂದು ದುಂಡನೆಯ ಕಾಯಿ. ನಮ್ಮ ಇಂಡಿಯ ಲಿಂಬೆಯ ಟೊಂಗೆ! ಒಂದು ವರ್ಷದ ಮೇಲೆ ಮೊದಲ ಚಿತ್ರ. ಮಶೀನು ನಿಂತದ್ದು ಆಗ ತಿಳಿಯಿತು. ಜಾಹಿದ ಬಂದು ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

ಊಟಕ್ಕೆ ಕುಳಿತಾಗ ನಾನು ಸುಮ್ಮನೆ ಕೆಣಕಿದೆ: ‘ಲಗ್ನಸರಾಯಿ ಮುಗಿದ ಮ್ಯಾಲ ಅಂಗಡಿ ಮುಚ್ಚೂದಲ್ರೀ?’

‘ಯಾರಂದ್ರು?’ ಎಂದು ನನ್ನನ್ನೇ ಗದರಿಸಿದರು.

ಲಿಂಬೆಯ ಅಂಚಿನ ಮೊದಲ ಪತ್ರಿಕೆ ನಿನ್ನ ಕೈಗೆ ಬರಬೇಕೆಂದು ಇವರ ಹಟ. ಬರುವ ವಾರ ಜಾಹಿದ, ಮುಬಿನ ಇಬ್ಬರೂ ಹೊರಟು ಬಸವನ ಬಾಗೇವಾಡಿಯಲ್ಲಿ ಅವಳ ಚಿಕ್ಕಮ್ಮನನ್ನು ಕಂಡು ಮುದ್ದೇಬಿಹಾಳಕ್ಕೆ ಬರುತ್ತಾರೆ. ಮನೆಗಲ್ಲ, ನಿನ್ನ ಕ್ಲಾಸಿಗೇ ಬರುತ್ತಾರೆ. ನಿನ್ನ ಹುಡುಗಿಯರೆಲ್ಲರ ಮುಂದೆ ನಿನಗೆ ಕೊಡಬೇಕಂತೆ.

ಶಮಶಾದ

•

ಮುದ್ದೇಬಿಹಾಳ
೧೮ ಡಿಸೆಂಬರ್ ೨೦೨೪

ಪ್ರಿಯ ಶಮಶಾದ,

ಕಾಸಿಂಭಾಯಿ ಮತ್ತೆ ಬರೆದರೆಂದು ಓದಿ ಬಹಳ ಸಂತೋಷವಾಯಿತು. ಮಕ್ಕಳನ್ನು ಈಗ ಕಳಿಸಬೇಡ. ಕ್ಲಾಸಿನಲ್ಲಿ ಪರೀಕ್ಷೆ ನಡೆದಿದೆ, ಮಾತಾಡಲೂ ಆಗುವುದಿಲ್ಲ. ಮುಂದೆ ಯಾವಾಗಲಾದರೂ ನೋಡೋಣ. ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದರೆ ಸಾಕು.

ರಾಜೇಶ್ವರಿ

•

ಇಂಡಿ
೨೩ ಡಿಸೆಂಬರ್ ೨೦೨೪

ರಾಜೇಶ್ವರೀ,

ನಿನ್ನ ಪತ್ರ ಬರುವ ಮೊದಲೇ ಮಕ್ಕಳು ಹೊರಟಿದ್ದರು. ಕ್ಲಾಸಿನ ಬಾಗಿಲಿಗೆ ಹೋಗಿ ಓದಿದರಂತೆ: ‘ಕೋಣೆ ಬಾಡಿಗೆಗೆ ಇದೆ.’ ಬಾಗಿಲು ಅರ್ಧ ತೆರೆದಿತ್ತಂತೆ. ಒಳಗೆ ನಿನ್ನ ಯಜಮಾನರು ಕಲ್ಮೇಶ ಭಾವ, ಸಾಲಾಗಿ ಬಟ್ಟೆ ಮುಚ್ಚಿದ ಕಂಪ್ಯೂಟರ್‌ಗಳು, ಒಂದೂ ಹುಡುಗಿಯಿಲ್ಲ.

ಭಾವ ಹೇಳಿದ್ದನ್ನು ಮುಬಿನ ಇದ್ದ ಹಾಗೆ ಬಂದು ಹೇಳಿದಳು. ‘ಮಳಿಗಾಲದಾಗ ಕಡೀ ಬ್ಯಾಚ್ ಹೋತವ್ವಾ. ಈಗ ಎಲ್ಲಾರೂ ಫೋನಿನಾಗ ಕಲೀತಾರ. ಆಕಿ ದಿನಾ ಬಂದು ಧೂಳ ಒರಸಿ ಹೋಗ್ತಿದ್ಲು, ಮನ್ಯಾಗ ಮಾತ ಬಿಟ್ಟಿದ್ಲು. ನಿಮ್ಮತ್ತಿ ಪತ್ರಾ ಬಂದ ಮ್ಯಾಲ ನೋಡು, ಮತ್ತ ಹಾಡ ಗುನಗಾಕತ್ತಾಳ.’ ನೀನು ಸಂತೆಗೆ ಹೋಗಿದ್ದೆಯಂತೆ. ಪತ್ರಿಕೆಯನ್ನು ಭಾವನ ಕೈಗೆ ಕೊಟ್ಟು, ಕಾಯದೆ ಬಂದರು. ನಿನಗೆ ಮುಜುಗರವಾಗಬಾರದೆಂದು ಮುಬಿನಾಳೇ ಹೊರಡಿಸಿದಳಂತೆ.

ನನಗೆ ಸಿಟ್ಟು ಬಂತು. ನನ್ನ ಮೇಲೇ. ಒಂದು ಪತ್ರದಲ್ಲೂ ‘ನೀನು ಹೇಗಿದ್ದೀ’ ಎಂದು ನಾನು ಕೇಳಿಲ್ಲ. ಸೊಸೆಯನ್ನು ಕೇಳಲಿಲ್ಲ, ಗೆಳತಿಯನ್ನೂ ಕೇಳಲಿಲ್ಲ. ಇಷ್ಟು ದೊಡ್ಡ ದನಿ ಇದ್ದು ಏನು ಬಂತು?

ಆ ಬರಣಿ ಉಪ್ಪಿನಕಾಯಿ ಯಾರು ತಿಂದರು, ಹೇಳು!

ಈಗ ನನ್ನ ಮಾತು ಕೇಳು. ಬೀರಣ್ಣ ನಮ್ಮ ಕಂಪ್ಯೂಟರ್ ನೋಡಿ ಹೋದವರು ಊರೆಲ್ಲ ಡಂಗುರ ಹೊಡೆದಿದ್ದಾರೆ. ಅವರ ಅಳಿಯನ ಕಬ್ಬು ತೂಗುವ ಕಾಟಾದಲ್ಲಿ ಹಳೆಯ ಕಂಪ್ಯೂಟರಿದೆ, ಅದಿಲ್ಲದೆ ಕಾಟಾ ನಡೆಯುವುದಿಲ್ಲ, ಹೊಸ ಹುಡುಗರಿಗೆ ಅದು ತಿಳಿಯುವುದಿಲ್ಲ. ಅಗರಖೇಡದ ಫೋಟೋ ಸ್ಟುಡಿಯೋದವರು ಬಂದು ಕೇಳಿದರು. ಬಸವನ ಬಾಗೇವಾಡಿಯಲ್ಲಿ ಮುಬಿನಾಳ ಚಿಕ್ಕಮ್ಮ ಸುಲ್ತಾನಬಿಯ ಕಸೂತಿ ಮಶೀನಿಗೂ ಅಂಥದೇ ಹಳೆಯ ಕಂಪ್ಯೂಟರು. ಎಲ್ಲರೂ ಕೇಳುವುದು ಒಂದೇ: ‘ಮಾಡಿದವರು ಯಾರ್ರಿ?’

ಹೊಸ ಕಂಪ್ಯೂಟರ್ ಕಲಿಸುವವರು ಓಣಿಗೊಬ್ಬರಿದ್ದಾರೆ, ರಾಜಿ. ಹಳೆಯದನ್ನು ಬಲ್ಲವರು ಯಾರಿದ್ದಾರೆ? ಆ ಚೀಟಿ ಕಿತ್ತು ಹಾಕು. ಇವರು ನಿನ್ನ ಬಾಗಿಲಿಗೊಂದು ಬೋರ್ಡು ಬರೆಯಲು ಕುಳಿತಿದ್ದಾರೆ, ನಾನು ತಡೆದರೂ ನಿಲ್ಲುವುದಿಲ್ಲ. ಸುಲ್ತಾನಬಿಗೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಆಕೆ ಬಂದರೆ ಪರೀಕ್ಷೆ ಇದೆ ಎಂದು ಹೇಳಿ ಕಳಿಸಬೇಡ.

ಶಮಶಾದ

•

ಮುದ್ದೇಬಿಹಾಳ
೧೯ ಜನವರಿ ೨೦೨೫

ನನ್ನ ಶಮಶಾದ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಮೊದಲ ವಾರ ನಾಚಿಕೆ ಕಾರಣ. ಆಮೇಲಿನದಕ್ಕೆ ಕೆಲಸ ಕಾರಣ. ಎರಡನೆಯದು ನಿಜವಾದ ಮಾತು, ನಮ್ಮ ಮನೆಯವರನ್ನು ಕೇಳು.

ನಿನಗೆ ಹೇಳಲು ಬಾಯಿ ಬರಲಿಲ್ಲ. ನಮ್ಮಿಬ್ಬರಲ್ಲಿ ಟೀಚರ್ ಆದವಳು ನಾನು ಎಂದು ನೀನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಆ ಟೀಚರ್ ಖಾಲಿ ಕುರ್ಚಿಗಳ ನಡುವೆ ಕುಳಿತಿದ್ದಾಳೆ ಎಂದು ಹೇಗೆ ಬರೆಯಲಿ? ‘ಇದು ಹೊಸಾದೇನ್ರಿ’ ಎಂದು ಕೇಳಿದ ಹುಡುಗಿ ಇರಲಿಲ್ಲ. ಹಾಗೆ ಯಾರಾದರೂ ಕೇಳಲಿ ಎಂದು ನನಗೆ ಬಹಳ ಆಸೆಯಿತ್ತು, ಅಷ್ಟೇ. ಉಪ್ಪಿನಕಾಯಿಯನ್ನು ಓಣಿಗೆ ಹಂಚಿದೆ. ಸ್ವಲ್ಪ ಹೆಚ್ಚು ನಾನೇ ತಿಂದೆ.

ಸಂಕ್ರಾಂತಿಗೆ ಕಾಸಿಂಭಾಯಿ ಕಳಿಸಿದ ಬೋರ್ಡು ಹಾಕಿದೆವು. ಸುತ್ತ ಬಳ್ಳಿ ಇಟ್ಟು, ನಡುವೆ ‘ಹಳೆಯ ಕಂಪ್ಯೂಟರ್ ತನ್ನಿರಿ, ಹೊಸದರಂತೆ ಒಯ್ಯಿರಿ’ ಎಂದು ಬರೆದಿದ್ದಾರಲ್ಲ, ದಾರಿಯವರೆಲ್ಲ ನಿಂತು ಓದುತ್ತಾರೆ. ಕಾಟಾದ್ದು ಮುಗಿಯಿತು. ಫೋಟೋ ಸ್ಟುಡಿಯೋದ್ದು ನಡೆದಿದೆ. ಒಂದೊಂದಕ್ಕೂ ಒಂದೊಂದು ರೋಗ, ಒಂದೊಂದು ಔಷಧ. ತಿಳಿಯದ ಕಡೆ ಮುಬಿನಾಳಿಗೆ ಫೋನು ಮಾಡುತ್ತೇನೆ. ಅವಳು ‘ಟೀಚರ್’ ಎಂದೇ ಕರೆಯುತ್ತಾಳೆ, ಆದರೆ ಅರ್ಧ ಸಲ ಕಲಿಸುವವಳು ಅವಳು.

ನಿನ್ನೆ ಸುಲ್ತಾನಬಿ ಬಂದರು. ಬಾಗೇವಾಡಿಯಿಂದ ಬಸ್ಸಿನಲ್ಲಿ, ಕಂಪ್ಯೂಟರನ್ನು ದುಪಟಿಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. ‘ಸೀಟಿನ ಕೆಳಗ ಇಡು ಅಂದ ಕಂಡಕ್ಟರ್. ನೀ ನಿನ್ನ ಮಗನ್ನ ಕೆಳಗ ಇಡ್ತಿಯೇನು ಅಂದೆ’ ಎಂದರು. ದನಿ ನಿನ್ನದೇ! ಅದರಲ್ಲಿ ಅವರು ಕಸೂತಿಗೆಂದು ಮಾಡಿಟ್ಟ ಹೂಗಳಿವೆ. ಮಗಳು ಕಲಿಯಲು ಒಲ್ಲೆ ಎನ್ನುತ್ತಾಳಂತೆ, ಅಕ್ಷರ ಸಣ್ಣದು, ಬಣ್ಣ ಸತ್ತದ್ದು ಎಂದು.

ಮೊದಲು ನಕಲು ಮಾಡಿಕೊಂಡೆ. ಆಮೇಲೆ ಶುರು ಮಾಡಿದೆ. ಅವರು ಮಗ್ಗುಲಲ್ಲೇ ಕುಳಿತು ಪ್ರತಿ ಗುಂಡಿಗೂ ‘ಇದ್ಯಾಕ್ರಿ, ಅದ್ಯಾಕ್ರಿ’ ಎಂದು ಕೇಳುತ್ತಾ ಹೋದರು. ನಾನು ಹೇಳುತ್ತಾ ಹೋದೆ. ಹೊರಗೆ ಬೋರ್ಡು ಓದುತ್ತಿದ್ದ ಇಬ್ಬರು ಕಾಲೇಜು ಹುಡುಗಿಯರು ಒಳಗೆ ಬಂದು ನಿಂತರು. ‘ಹ್ಯಾಂಗ ಮಾಡ್ತೀರಿ, ನಮಗೂ ಕಲಸ್ರಿ’ ಎಂದರು. ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೊಟ್ಟೆ.

ಸಂಜೆಗೆ ಮುಗಿಯಿತು. ಪರದೆ ಬೆಳಗಿತು. ಹುಡುಕುವ ಜಾಗದಲ್ಲಿ ‘ಹೂ’ ಎಂದು ಬರೆದೆ. ಅವರ ಹೂಗಳೆಲ್ಲ ಒಮ್ಮೆಲೇ ಅರಳಿ ನಿಂತವು. ಸುಲ್ತಾನಬಿ ಮುಂದೆ ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು. ನಮ್ಮ ಮನೆಯವರು ಚಹಾ ತಂದು ನಿಂತಿದ್ದರು. ಸುಲ್ತಾನಬಿ ಅವರನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಕೇಳಿದರು:

‘ಅಕ್ಕಾರ, ನಾಳಿ ನಮ್ಮ ಮನಿಯವರನ್ನೂ ಕರಕೊಂಡು ಬರ್ಲೇನ್ರಿ? ಒಳಗಿಂದೆಲ್ಲಾ ಹಂಗ ಇರ್ಲಿ. ಮ್ಯಾಲಷ್ಟ ಸ್ವಲ್ಪ ಹೊಸಾದ್ರಂಗ ಮಾಡಿಕೊಡ್ರಿ.’

ಪಿಸುಮಾತೆಂದುಕೊಂಡೇ ಹೇಳಿದ್ದು, ಕೋಣೆಗೆಲ್ಲ ಕೇಳಿತು. ಆ ಹುಡುಗಿಯರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ನಮ್ಮ ಮನೆಯವರ ಚಹಾ ಕಪ್ಪಿನಿಂದ ಬಸಿಗೆ ಚೆಲ್ಲಿತು. ನಾನು ನಗು ತಡೆಯಲಾರದೆ ಗೋಡೆ ಹಿಡಿದು ನಿಂತೆ. ನಿನ್ನ ನೆನಪಾಯಿತು, ಶಮಶಾದ. ಹುಡುಗಿಯರು ನಾಳೆ ಗೆಳತಿಯರನ್ನು ಕರೆದುಕೊಂಡು ಬರುತ್ತಾರಂತೆ. ನೀನೂ ಹೊರಟು ಬಾ.

ನಿನ್ನ
ರಾಜಿ